ಹಳೆಯ ಯಂತ್ರವೋ, ಕೆಟ್ಟ ಜೋಡಣೆಯೋ? ತಂತ್ರಾಂಶಗಳ ತಡವಾದ ಆರಂಭ ಕುರಿತು ಒಂದು ವಿಮರ್ಶೆ

ಕಳಸದಿಂದ ಕುದುರೆಮುಖದ ಕಡೆಗೆ ಹೋಗುವ ರಸ್ತೆಯಲ್ಲಿ ಸಂಸೆ ಎಂಬ ಊರು ಸಿಗುತ್ತದೆ. ಸುತ್ತ ಚಹಾ ತೋಟ, ಕಾಫಿ ತೋಟ, ಅಡಿಕೆ; ಅವುಗಳ ಮೇಲೆ ಹುಲ್ಲುಗಾವಲಿನ ಗುಡ್ಡಗಳು. ಮಳೆಗಾಲ ಹಿಡಿದರೆ ಇಲ್ಲಿ ಕರೆಂಟು ಯಾವ ಗಳಿಗೆಯಲ್ಲಿ ಹೋದೀತು ಎಂದು ಹೇಳಲಾಗುವುದಿಲ್ಲ. ಹಲವು ವರ್ಷಗಳ ಹಿಂದೆ ಆ ಕಡೆಯ ಒಂದು ಪ್ರೌಢಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಗಣಿತದ ಒಂದು ತರಗತಿಯನ್ನು ಹಿಂದಿನ ಬೆಂಚಿನಲ್ಲಿ ಕುಳಿತು ನೋಡುವ ಅವಕಾಶ ನನಗೆ ಸಿಕ್ಕಿತ್ತು. ಮೇಷ್ಟ್ರು ಕಂಪ್ಯೂಟರುಗಳನ್ನು ಚಾಲೂ ಮಾಡಿಸಿ, ಜಿಯೋಜೀಬ್ರ ತೆರೆಯಿರಿ ಎಂದು ಮಕ್ಕಳಿಗೆ ಹೇಳಿ, ಹಾಜರಿ ಪುಸ್ತಕ ತೆಗೆದರು. ಹಾಜರಿ ಕರೆದು ಮುಗಿಸಿದ ಮೇಲೂ ಪರದೆಯ ಮೇಲೆ ಮರಳು ಗಡಿಯಾರವೇ ಇತ್ತು. ಕಡೆಗೊಮ್ಮೆ ಕಿಟಕಿ ತೆರೆಯಿತು. ಮಕ್ಕಳು ತ್ರಿಭುಜ ಎಳೆಯತೊಡಗಿದರು. ಅಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್‌ನ ಬ್ಯಾಟರಿ ಎಂದೋ ಸತ್ತಿತ್ತು. ಕರೆಂಟು ಮರಳಿ ಬಂದಾಗ ಎಲ್ಲವೂ ಮೊದಲಿನಿಂದ. 40 ನಿಮಿಷದ ಆ ಅವಧಿಯಲ್ಲಿ ತ್ರಿಭುಜದ ಮೂರೂ ಮಧ್ಯರೇಖೆಗಳು ಒಂದೇ ಬಿಂದುವಿನಲ್ಲಿ ಸೇರುವುದನ್ನು ಕಣ್ಣಾರೆ ಕಂಡವರು ಇಬ್ಬರೋ ಮೂವರೋ ಮಕ್ಕಳು.

"ಹಳೇ ಮಿಷನ್ನು ಸಾರ್, ಇದರಲ್ಲಿ ಇನ್ನೇನೂ ಆಗಲ್ಲ. ಹೊಸದು ಬಂದರೆ ಸರಿ" ಎಂದರು ಮೇಷ್ಟ್ರು. ತೆರೆದಿದ್ದ ತಂತ್ರಾಂಶವನ್ನು ಒಮ್ಮೆ ಮುಚ್ಚಿ ಪುನಃ ತೆರೆದು ನೋಡಿ ಮೇಷ್ಟ್ರೇ ಎಂದೆ. ಈ ಸಲ ನಾಲ್ಕೈದು ಎಣಿಸುವಷ್ಟರಲ್ಲಿ ತೆರೆಯಿತು. ಅದೇ ಯಂತ್ರ, ಅದೇ ಸಂಸ್ಕಾರಕ, ಅದೇ ತಂತ್ರಾಂಶ. ಯಂತ್ರ ಹಳತಾದದ್ದೇ ಕಾರಣವಾಗಿದ್ದರೆ ಎರಡನೆಯ ಸಲವೂ ಅಷ್ಟೇ ತಡವಾಗಬೇಕಿತ್ತು. ಹಾಗಾಗಲಿಲ್ಲ. ಹಾಗಾದರೆ ಮೊದಲ ಸಲ ಕಂಪ್ಯೂಟರ್ ಅಷ್ಟು ಹೊತ್ತು ಮಾಡುತ್ತಿದ್ದುದೇನು? ಆ ತಡಕ್ಕೆ ತಂತ್ರಾಂಶ ತಯಾರಕರು ಕೊಟ್ಟ ಮದ್ದುಗಳಲ್ಲಿ ಸಂಸೆಯಂಥ ಊರಿನ ಶಾಲೆಗೆ ನಿಜವಾಗಿ ಒದಗಿದ್ದು ಯಾವುದು, ಒದಗದಿದ್ದುದು ಯಾವುದು ಎಂಬುದನ್ನು ಇಲ್ಲಿ ಪರಿಶೀಲಿಸೋಣ. ಇದು ಬರೀ ಕುತೂಹಲದ ಪ್ರಶ್ನೆಯಲ್ಲ. ಹಳತೆಂದು ಬೀಗ ಜಡಿದ ಕಂಪ್ಯೂಟರ್ ಕೊಠಡಿಗಳಲ್ಲಿ ದುರಸ್ತಿಯಾಗಬಲ್ಲ ತೊಂದರೆಯಿರುವ ಯಂತ್ರಗಳೂ ಇವೆ.

ಪೇಟೆಗೆ ಹೋಗಿಬರುವ ಲೆಕ್ಕ

ಒಂದು ತಂತ್ರಾಂಶವೆಂದರೆ ಒಂದೇ ಕಡತ ಎಂದು ಅನೇಕರು ತಿಳಿದಿರುತ್ತಾರೆ. ನಿಜದಲ್ಲಿ ನಾವು ಕ್ಲಿಕ್ ಮಾಡುವ ಕಡತ ಚಿಕ್ಕದಿರಬಹುದು. ಅದರ ಹಿಂದೆ ಹತ್ತಾರು 'ಲೈಬ್ರರಿ'ಗಳು ಇರುತ್ತವೆ. ಅಕ್ಷರ ಬಿಡಿಸುವುದು, ಕಿಟಕಿ ತೋರಿಸುವುದು, ಚಿತ್ರ ತೆರೆಯುವುದು ಮೊದಲಾದ ಸಾಮಾನ್ಯ ಕೆಲಸಗಳ ಆದೇಶಗಳನ್ನು ಇಂಥ ಲೈಬ್ರರಿಗಳಲ್ಲಿ ಒಟ್ಟುಮಾಡಿ ಇಟ್ಟಿರುತ್ತಾರೆ. ವಿಂಡೋಸ್‌ನಲ್ಲಿ ಇವುಗಳಿಗೆ ಡಿಎಲ್‌ಎಲ್ ಎಂದೂ ಲಿನಕ್ಸ್‌ನಲ್ಲಿ ಶೇರ್ಡ್ ಆಬ್ಜೆಕ್ಟ್ ಎಂದೂ ಹೆಸರು.

ತಂತ್ರಾಂಶ ಆರಂಭವಾಗುವಾಗ ಕಾರ್ಯಾಚರಣ ವ್ಯವಸ್ಥೆಯು ಈ ಲೈಬ್ರರಿಗಳನ್ನು ಒಮ್ಮೆಲೇ ಓದಿಕೊಳ್ಳುವುದಿಲ್ಲ. 'ಈ ಕಡತ ಸ್ಮೃತಿಯ ಇಂಥ ಜಾಗದಲ್ಲಿದೆ' ಎಂದು ಒಂದು ನಕ್ಷೆಯನ್ನಷ್ಟೇ ಮಾಡಿಕೊಳ್ಳುತ್ತದೆ. ಸಂಸ್ಕಾರಕವು ಆ ಜಾಗದ ಯಾವುದಾದರೂ ಪುಟವನ್ನು ಮುಟ್ಟಲು ಹೋದಾಗ ಅದು ಅಲ್ಲಿಲ್ಲವೆಂದು ತಿಳಿಯುತ್ತದೆ. ಆಗ ಕೆಲಸ ನಿಂತು, ಡಿಸ್ಕಿನಿಂದ ಆ ಪುಟವೂ ಅದರ ಆಸುಪಾಸಿನ ಕೆಲವು ಪುಟಗಳೂ ಬಂದ ಮೇಲೆ ಮುಂದುವರಿಯುತ್ತದೆ. ನಾವು ಬಳಸುವ ಸಾಮಾನ್ಯ ಕಂಪ್ಯೂಟರುಗಳಲ್ಲಿ ಒಂದು ಪುಟ ಎಂದರೆ 4 ಕಿಲೋಬೈಟ್. ಬೇಕಾದದ್ದನ್ನು ಬೇಕಾದಾಗ ಮಾತ್ರ ತರುವ ಈ ಪದ್ಧತಿ ಕಾಗದದ ಮೇಲೆ ಬಹಳ ಮಿತವ್ಯಯದ್ದು.

ಆದರೆ ಸಂಸೆಯ ಮನೆಯೊಂದರಿಂದ ಕಳಸದ ಪೇಟೆಗೆ ಸಾಮಾನು ತರಲು ಹೋಗುವುದನ್ನು ನೆನೆಯಿರಿ. ಒಲೆಯ ಮೇಲೆ ಪಾತ್ರೆ ಇಟ್ಟ ಮೇಲೆ ಉಪ್ಪಿಲ್ಲವೆಂದು ಗೊತ್ತಾಗಿ ಬಸ್ಸು ಹಿಡಿದು ಹೋಗಿ ಉಪ್ಪು ತರುವುದು, ಬಂದ ಮೇಲೆ ಬೆಲ್ಲವಿಲ್ಲವೆಂದು ಮತ್ತೆ ಹೋಗುವುದು, ಆಮೇಲೆ ಮೆಣಸಿನಕಾಯಿಗೆ. ಪ್ರತಿ ಸಲವೂ ಬೇಕಾದಷ್ಟನ್ನೇ ತಂದಿದ್ದೀರಿ, ಒಂದು ಗ್ರಾಮೂ ಹೆಚ್ಚಿಲ್ಲ. ಆದರೂ ಅಡುಗೆ ಆಗುವಾಗ ಕತ್ತಲಾಗಿರುತ್ತದೆ. ಹೊತ್ತು ಹೋದದ್ದು ಸಾಮಾನು ಹೊರುವುದರಲ್ಲಲ್ಲ, ಬಸ್ಸಿಗೆ ಕಾಯುವುದರಲ್ಲಿ.

ಹಾರ್ಡ್ ಡಿಸ್ಕಿನ ಸ್ಥಿತಿ ಹೀಗೆಯೇ. ಅದರ ಬಿಲ್ಲೆ ನಿಮಿಷಕ್ಕೆ 7200 ಸುತ್ತು ತಿರುಗುವುದಾದರೆ ಒಂದು ಸುತ್ತಿಗೆ 8.33 ಮಿಲಿಸೆಕೆಂಡ್. ಬೇಕಾದ ಜಾಗ ಓದುವ ಮೊನೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ ಸುಮಾರು 4 ಮಿಲಿಸೆಕೆಂಡ್ ಕಾಯಬೇಕು. ಮೊನೆಯು ಒಂದು ಪಥದಿಂದ ಇನ್ನೊಂದು ಪಥಕ್ಕೆ ಸರಿಯಲು ಸುಮಾರು 9 ಮಿಲಿಸೆಕೆಂಡ್ ಎಂದುಕೊಂಡರೆ ಒಂದು ಜಿಗಿತಕ್ಕೆ 13 ಮಿಲಿಸೆಕೆಂಡ್ ಆಯಿತು.

ಈಗ 20 ಮೆಗಾಬೈಟ್‌ನ ಒಂದು ಲೈಬ್ರರಿಯನ್ನು ತೆಗೆದುಕೊಳ್ಳೋಣ. ಆರಂಭಕ್ಕೆ ಇದರಲ್ಲಿ ಅರ್ಧ ಭಾಗ ಮಾತ್ರ ಬೇಕು. ಆದರೆ ಆ ಅರ್ಧ ಅಲ್ಲಲ್ಲಿ ಚದುರಿದೆ. ಒಂದು ಸಲಕ್ಕೆ 32 ಕಿಲೋಬೈಟ್ ಬರುತ್ತದೆ ಎಂದಿಟ್ಟುಕೊಳ್ಳಿ. 10 ಮೆಗಾಬೈಟ್ ತರಲು 320 ಜಿಗಿತಗಳು. ತಲಾ 13 ಮಿಲಿಸೆಕೆಂಡ್‌ನಂತೆ 4 ಸೆಕೆಂಡಿಗೂ ಹೆಚ್ಚು. ಅದರ ಬದಲು ಇಡೀ 20 ಮೆಗಾಬೈಟನ್ನು ಮೊದಲಿನಿಂದ ಕೊನೆಯವರೆಗೆ ಜಿಗಿಯದೆ ಓದಿದರೆ? ಸೆಕೆಂಡಿಗೆ 60 ಮೆಗಾಬೈಟ್ ಓದುವ ಸಾಧಾರಣ ಡಿಸ್ಕಿಗೂ ಸೆಕೆಂಡಿನ ಮೂರನೇ ಒಂದು ಭಾಗ ಸಾಕು. ಅರ್ಧ ಓದುವುದಕ್ಕಿಂತ ಪೂರ್ತಿ ಓದುವುದು ಹನ್ನೆರಡು ಪಟ್ಟು ಬೇಗ! ಈ ಲೆಕ್ಕವನ್ನು ಒಂಬತ್ತನೆಯ ತರಗತಿಯ ಮಕ್ಕಳಿಂದ ಕಪ್ಪುಹಲಗೆಯ ಮೇಲೆ ಮಾಡಿಸಬಹುದು. ಇಂಥ ಹತ್ತಾರು ಲೈಬ್ರರಿಗಳಿದ್ದಾಗ ಏನಾದೀತು ಎಂಬುದನ್ನು ಅವರೇ ಹೇಳುತ್ತಾರೆ.

ಎರಡನೆಯ ಸಲ ಬೇಗ ತೆರೆಯಲು ಕಾರಣವೂ ಈಗ ಸ್ಪಷ್ಟ. ಒಮ್ಮೆ ಓದಿದ ಪುಟಗಳನ್ನು ಕಾರ್ಯಾಚರಣ ವ್ಯವಸ್ಥೆ ಒಡನೆಯೇ ಎಸೆಯುವುದಿಲ್ಲ. ಸ್ಮೃತಿಯಲ್ಲಿ ಜಾಗವಿರುವವರೆಗೆ ಇಟ್ಟುಕೊಂಡಿರುತ್ತದೆ. ಇದನ್ನು ಬೆಚ್ಚನೆಯ ಆರಂಭ ಎನ್ನುತ್ತಾರೆ. ಯಂತ್ರ ಚಾಲೂ ಆದ ಮೇಲಿನ ಮೊದಲ ಸಲದ್ದು ತಣ್ಣನೆಯ ಆರಂಭ. ಮಳೆಗಾಲದ ಬೆಳಗ್ಗೆ ತೋಟದ ಜೀಪು ಚಾಲೂ ಮಾಡಿದವರಿಗೆ ಈ ಎರಡರ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ.

ತಯಾರಕರ ಮೇಜಿನ ಮೇಲೆ ಕಾಣದ ತಡ

ನನ್ನ ಮುಖ್ಯ ಆಕ್ಷೇಪ ಇಲ್ಲಿಂದ ಶುರುವಾಗುತ್ತದೆ. ತಂತ್ರಾಂಶ ಬರೆಯುವವರ ಕಂಪ್ಯೂಟರ್ ದಿನವಿಡೀ ಚಾಲೂ ಇರುತ್ತದೆ. ಆತ ತನ್ನ ತಂತ್ರಾಂಶವನ್ನು ದಿನಕ್ಕೆ ಐವತ್ತು ಸಲ ತೆರೆದು ಮುಚ್ಚಿ ನೋಡುತ್ತಾನೆ. ಅವುಗಳಲ್ಲಿ ನಲವತ್ತೊಂಬತ್ತು ಬೆಚ್ಚನೆಯ ಆರಂಭಗಳು. ಆತನ ಮಟ್ಟಿಗೆ ತಂತ್ರಾಂಶ ಬೇಗ ತೆರೆಯುತ್ತದೆ, ಅದರಲ್ಲಿ ಸುಳ್ಳಿಲ್ಲ. ಶಾಲೆಯ ಕಂಪ್ಯೂಟರಿಗೆ ಮಾತ್ರ ಪ್ರತಿ ದಿನವೂ, ಕರೆಂಟು ಹೋದ ದಿನ ಪ್ರತಿ ಅವಧಿಯೂ, ತಣ್ಣನೆಯ ಆರಂಭವೇ. ಅಳತೆ ಮಾಡುವವರು ಒಂದನ್ನು ಅಳೆಯುತ್ತಾರೆ, ಅನುಭವಿಸುವವರು ಇನ್ನೊಂದನ್ನು ಅನುಭವಿಸುತ್ತಾರೆ. ತಂತ್ರಾಂಶದ ಆರಂಭವನ್ನು ತೂಗಬೇಕಾದದ್ದು ತಣ್ಣನೆಯ ಆರಂಭದಿಂದಲೇ ಎಂದು ನನ್ನ ಅಭಿಪ್ರಾಯ. ಈ ತಕ್ಕಡಿಯಲ್ಲಿ ಇಟ್ಟಾಗ ಹೆಸರುವಾಸಿಯಾದ ಹಲವು ಮದ್ದುಗಳು ಹಗುರವಾಗುತ್ತವೆ.

ಮೊದಲನೆಯದು 'ಕ್ವಿಕ್ ಸ್ಟಾರ್ಟರ್' ಮಾದರಿ. 2002ರಲ್ಲಿ 1.0 ಆವೃತ್ತಿ ಹೊರಬಂದ ಓಪನ್ ಆಫೀಸ್ ತಡವಾಗಿ ತೆರೆಯುವುದಕ್ಕೆ ಹೆಸರಾಗಿತ್ತು. ಅದರ ಜೊತೆಗೆ ಬರುತ್ತಿದ್ದ ಕ್ವಿಕ್ ಸ್ಟಾರ್ಟರ್ ಎಂಬ ಪುಟ್ಟ ತಂತ್ರಾಂಶ, ಬಳಕೆದಾರ ಲಾಗಿನ್ ಆದೊಡನೆ ಓಪನ್ ಆಫೀಸ್‌ನ ಲೈಬ್ರರಿಗಳನ್ನು ಸ್ಮೃತಿಗೆ ತಂದು ಕೂರಿಸುತ್ತಿತ್ತು. ಅಡೋಬಿ ರೀಡರ್‌ಗೂ ಇಂಥದ್ದೇ ಒಂದು 'ಸ್ಪೀಡ್ ಲಾಂಚರ್' ಇತ್ತು. 2008ರ ಕೊನೆಗೆ ಬಂದ ಜಾವಾ 6ರ ಹತ್ತನೆಯ ಅಪ್‌ಡೇಟ್‌ನಲ್ಲಿ 'ಜಾವಾ ಕ್ವಿಕ್ ಸ್ಟಾರ್ಟರ್' ಸೇರಿತು. ಇವುಗಳಿಂದ ಕಾಯುವ ಹೊತ್ತು ಕಡಿಮೆಯಾಗುವುದಿಲ್ಲ. ಕ್ಲಿಕ್ ಮಾಡಿದ ಮೇಲೆ ಕಾಯುವ ಬದಲು ಕ್ಲಿಕ್ ಮಾಡುವ ಮೊದಲು ಕಾಯುತ್ತೀರಿ. ಚಾಲೂ ಮಾಡಿ, ಕಾಫಿ ಕುಡಿದು ಬಂದು ಕೆಲಸಕ್ಕೆ ಕೂರುವ ಕಚೇರಿಯವನಿಗೆ ಇದು ಅನುಕೂಲವೇ. ಚಾಲೂ ಮಾಡಿದೊಡನೆ ಪಾಠ ಶುರುಮಾಡಬೇಕಾದ ಶಿಕ್ಷಕನಿಗೆ ಇದರಿಂದ ನಷ್ಟವೇ ಹೆಚ್ಚು. ಯಾಕೆಂದರೆ ಇಂಥ ನಾಲ್ಕಾರು ತಂತ್ರಾಂಶಗಳು ಏಕಕಾಲಕ್ಕೆ ಡಿಸ್ಕಿನ ಮೊನೆಯನ್ನು ಆಚೀಚೆ ಎಳೆದಾಡುತ್ತವೆ. ಆ ದಿನದ ಪಾಠಕ್ಕೆ ಬೇಡವಾದ ಓಪನ್ ಆಫೀಸ್ ಬೇಕಾದ ಜಿಯೋಜೀಬ್ರದ ದಾರಿಗೆ ಅಡ್ಡ ನಿಲ್ಲುತ್ತದೆ. ಪ್ರತಿಯೊಬ್ಬ ತಯಾರಕನೂ ತನ್ನ ತಂತ್ರಾಂಶವೊಂದೇ ಈ ಯಂತ್ರದಲ್ಲಿದೆ ಎಂದು ಭಾವಿಸಿದ್ದರ ಫಲ ಇದು.

ಇದಕ್ಕಿಂತ ಸೂಕ್ಷ್ಮವಾದ ಪ್ರಯತ್ನ, 2005ರಲ್ಲಿ ಬೆಹದಾದ್ ಎಸ್ಫಹಬೋದ್ ಅವರು ಗೂಗಲ್‌ನ ಬೇಸಿಗೆ ಯೋಜನೆಯೊಂದರಲ್ಲಿ ಲಿನಕ್ಸಿಗಾಗಿ ಬರೆದ 'ಪ್ರಿಲೋಡ್'. ಬಳಕೆದಾರ ಯಾವ ತಂತ್ರಾಂಶದ ಜೊತೆ ಯಾವುದನ್ನು ತೆರೆಯುತ್ತಾನೆ ಎಂಬುದನ್ನು ಗಮನಿಸಿ, ಮುಂದೆ ಬೇಕಾಗಬಹುದಾದ ಕಡತಗಳನ್ನು ಅದು ಊಹಿಸಿ ಓದಿಡುತ್ತದೆ. ಒಬ್ಬನೇ ಬಳಸುವ ಕಂಪ್ಯೂಟರಿನಲ್ಲಿ ಊಹೆ ಸರಿಯಾದೀತು. ಬೆಳಿಗ್ಗೆ ಎಂಟನೇ ತರಗತಿಯ ಗಣಿತ, ಮಧ್ಯಾಹ್ನ ಹತ್ತನೇ ತರಗತಿಯ ಭೂಗೋಳ ನಡೆಯುವ ಯಂತ್ರದಲ್ಲಿ ಊಹೆಗೆ ಆಧಾರ ಕಡಿಮೆ. ಸ್ಮೃತಿ ಚಿಕ್ಕದಿದ್ದರಂತೂ ತಪ್ಪು ಊಹೆಯಿಂದ ತಂದ ಪುಟಗಳು ಬೇಕಾದ ಪುಟಗಳನ್ನು ಹೊರಗೆ ತಳ್ಳುತ್ತವೆ. ಎಸ್ಫಹಬೋದ್ ಅವರ ಹೆಸರು ಮುಂದೆ ಇನ್ನೊಮ್ಮೆ ಬರುತ್ತದೆ, ಅಲ್ಲಿ ನಾವು ಕನ್ನಡಿಗರು ಅವರಿಗೆ ಋಣಿಗಳು.

'ರ‍್ಯಾಮ್ ಹಾಕಿಸಿ' ಎಂಬ ಸಲಹೆಯೂ ಇದೇ ಗುಂಪಿಗೆ ಸೇರುತ್ತದೆ. ಸ್ಮೃತಿ ಹೆಚ್ಚಿಸಿದರೆ ಬೆಚ್ಚನೆಯ ಆರಂಭಗಳು ಹೆಚ್ಚಾಗುತ್ತವೆ, ಅದು ಒಳ್ಳೆಯದೇ. ಆದರೆ ಆರಿಸಿ ಚಾಲೂ ಮಾಡಿದ ಯಂತ್ರದ ಸ್ಮೃತಿ, ಅದು ಎಷ್ಟೇ ದೊಡ್ಡದಿರಲಿ, ಖಾಲಿಯೇ. ತಣ್ಣನೆಯ ಆರಂಭದ ತಡಕ್ಕೆ ರ‍್ಯಾಮ್ ಹಾಕಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಕ್ರಮವನ್ನು ಸರಿಪಡಿಸಿದವರು

ನಿಜವಾದ ದುರಸ್ತಿ ಮಾಡಿದವರು ಕಾಯುವ ಹೊತ್ತನ್ನು ಬೇರೆಡೆಗೆ ಸಾಗಿಸಲಿಲ್ಲ. ಜಿಗಿತಗಳನ್ನು ಕಡಿಮೆ ಮಾಡಿದರು.

2001ರ ವಿಂಡೋಸ್ ಎಕ್ಸ್‌ಪಿಯಲ್ಲಿದ್ದ 'ಪ್ರಿಫೆಚರ್' ಇದಕ್ಕೆ ಒಳ್ಳೆಯ ಉದಾಹರಣೆ. ಒಂದು ತಂತ್ರಾಂಶ ಆರಂಭವಾದ ಮೊದಲ ಹತ್ತು ಸೆಕೆಂಡುಗಳಲ್ಲಿ ಯಾವ ಯಾವ ಕಡತದ ಯಾವ ಯಾವ ಪುಟ ಬೇಕಾಯಿತು ಎಂಬ ಪಟ್ಟಿಯನ್ನು ಅದು ಪ್ರಿಫೆಚ್ ಎಂಬ ಫೋಲ್ಡರಿನಲ್ಲಿ ಬರೆದಿಡುತ್ತದೆ. ಮುಂದಿನ ಸಲ ಅದೇ ತಂತ್ರಾಂಶ ತೆರೆದಾಗ ಆ ಪುಟಗಳನ್ನು ಒಟ್ಟಾಗಿ, ಕ್ರಮವಾಗಿ ತಂದುಬಿಡುತ್ತದೆ. ಪೇಟೆಗೆ ಹೊರಡುವ ಮೊದಲು ಚೀಟಿ ಬರೆದುಕೊಂಡಂತೆ. ಅಷ್ಟೇ ಅಲ್ಲ, ಸುಮಾರು ಮೂರು ದಿನಗಳಿಗೊಮ್ಮೆ, ಕಂಪ್ಯೂಟರ್ ಸುಮ್ಮನಿರುವಾಗ, ಆ ಪಟ್ಟಿಗಳಲ್ಲಿರುವ ಕಡತಗಳನ್ನು ಡಿಸ್ಕಿನ ಮೇಲೆ ಹತ್ತಿರ ಹತ್ತಿರಕ್ಕೆ ತಂದಿಡುವ ವ್ಯವಸ್ಥೆಯೂ ಇತ್ತು.

ಇಂಥ ಒಳ್ಳೆಯ ವ್ಯವಸ್ಥೆಗೆ ಬಂದ ಗತಿಯನ್ನು ನೋಡಿ. 'ಪ್ರಿಫೆಚ್ ಫೋಲ್ಡರಿನಲ್ಲಿರುವ ಕಸವನ್ನೆಲ್ಲ ಅಳಿಸಿದರೆ ಕಂಪ್ಯೂಟರ್ ವೇಗವಾಗುತ್ತದೆ' ಎಂಬ ಸಲಹೆ ಆ ದಶಕದಲ್ಲಿ ಎಲ್ಲೆಡೆ ಹರಿದಾಡಿತು. ಆ ಫೋಲ್ಡರಿನಲ್ಲಿರುವುದೆಲ್ಲ ಚಾಲೂ ಮಾಡುವಾಗಲೇ ಸ್ಮೃತಿಗೆ ಬರುತ್ತದೆ ಎಂಬ ತಪ್ಪು ತಿಳಿವಳಿಕೆ ಇದರ ಮೂಲ. ಆಯಾ ತಂತ್ರಾಂಶದ ಪಟ್ಟಿಯನ್ನು ಆಯಾ ತಂತ್ರಾಂಶ ತೆರೆದಾಗ ಮಾತ್ರ ನೋಡಲಾಗುತ್ತದೆ. ಪಟ್ಟಿಗಳ ಸಂಖ್ಯೆಗೂ ವ್ಯವಸ್ಥೆಯೇ ಮಿತಿ ಹಾಕಿಕೊಂಡಿದೆ. ಅಳಿಸಿದರೆ ಆಗುವುದಿಷ್ಟು: ಮುಂದಿನ ಸಲ ಪ್ರತಿ ತಂತ್ರಾಂಶವೂ ಚೀಟಿಯಿಲ್ಲದೆ ಪೇಟೆಗೆ ಹೋಗಬೇಕು. ವೇಗ ಹೆಚ್ಚಿಸುವ ಭರದಲ್ಲಿ ವೇಗದ ಸಾಧನವನ್ನೇ ಕಿತ್ತೆಸೆದವರಲ್ಲಿ ಕಂಪ್ಯೂಟರ್ ಶಿಕ್ಷಕರೂ ಇದ್ದರು. ನಾನೂ ಒಂದೆರಡು ಸಲ ಅಳಿಸಿದ್ದೇನೆ.

ಎಕ್ಸ್‌ಪಿಯ ವ್ಯವಸ್ಥೆಯಲ್ಲೂ ಶಾಲೆಗೆ ಒಗ್ಗದ ಅಂಶಗಳಿದ್ದವು. ತರಗತಿ ಮುಗಿದೊಡನೆ ಆರಿಸುವ ಕಂಪ್ಯೂಟರಿಗೆ 'ಸುಮ್ಮನಿರುವ ಹೊತ್ತು' ಎಲ್ಲಿಂದ ಬರಬೇಕು? ಕಡತಗಳನ್ನು ಹತ್ತಿರ ತರುವ ಕೆಲಸಕ್ಕೆ ಅವಕಾಶವೇ ಸಿಗುವುದಿಲ್ಲ. ಇನ್ನು ಕೆಲವು ಪ್ರಯೋಗಶಾಲೆಗಳಲ್ಲಿ ಮಕ್ಕಳು ಏನನ್ನೂ ಕೆಡಿಸದಿರಲೆಂದು, ರೀಸ್ಟಾರ್ಟ್ ಆದಾಗಲೆಲ್ಲ ಡಿಸ್ಕನ್ನು ಹಿಂದಿನ ಸ್ಥಿತಿಗೆ ಮರಳಿಸುವ ತಂತ್ರಾಂಶ ಹಾಕಿರುತ್ತಾರೆ. ಆ ವ್ಯವಸ್ಥೆ ಮಾಡುವ ಮೊದಲು ಪಾಠದ ತಂತ್ರಾಂಶಗಳನ್ನು ಒಂದೆರಡು ಸಲ ತೆರೆದಿಡದಿದ್ದರೆ, ಕಂಪ್ಯೂಟರ್ ಬರೆದುಕೊಂಡ ಚೀಟಿ ಪ್ರತಿ ಸಂಜೆ ಹರಿದುಹೋಗುತ್ತದೆ.

ಲಿನಕ್ಸ್ ಲೋಕದಲ್ಲಿ ನಡೆದ ಕೆಲಸ ಇನ್ನೂ ಸ್ವಾರಸ್ಯಕರ. 2010ರಲ್ಲಿ ಮೊಜಿಲ್ಲಾದ ತಾರಾಸ್ ಗ್ಲೆಕ್ ಅವರು ಫೈರ್‌ಫಾಕ್ಸ್ ಆರಂಭವಾಗುವಾಗ ಡಿಸ್ಕಿನಲ್ಲಿ ಏನಾಗುತ್ತಿದೆ ಎಂದು ಅಳೆಯಲು ಹೊರಟರು. ಫೈರ್‌ಫಾಕ್ಸ್‌ನ ಹಲವು ಸಣ್ಣ ಲೈಬ್ರರಿಗಳನ್ನು ಅದಕ್ಕೆ ಮೊದಲೇ ಲಿಬ್‌ಜೂಲ್ ಎಂಬ ಒಂದು ದೊಡ್ಡ ಲೈಬ್ರರಿಯಾಗಿ ಬೆಸೆದಿದ್ದರು. ಅಳೆದಾಗ ಕಂಡದ್ದೇನೆಂದರೆ, ಆ ಕಡತದ ಒಂದು ಭಾಗವನ್ನು ಕಂಪ್ಯೂಟರ್ ಕೊನೆಯಿಂದ ಮೊದಲಿಗೆ ಓದುತ್ತಿತ್ತು! ಸಿ++ ತಂತ್ರಾಂಶಗಳಲ್ಲಿ ಮುಖ್ಯ ಕೆಲಸಕ್ಕೆ ಮೊದಲು ಕೆಲವು ಸಿದ್ಧತೆಯ ಆದೇಶಗಳು ನಡೆಯಬೇಕಾಗುತ್ತದೆ. ಜಿಸಿಸಿ ಕಂಪೈಲರಿನ ಹಳೆಯ ಪದ್ಧತಿಯಂತೆ ಇವುಗಳ ಪಟ್ಟಿಯನ್ನು ಕೊನೆಯಿಂದ ಹಿಂದಕ್ಕೆ ನಡೆಸಲಾಗುತ್ತಿತ್ತು. ಆದೇಶಗಳು ಕಡತದಲ್ಲಿ ಮುಂದಿನಿಂದ ಹಿಂದಕ್ಕೆ ಹರಡಿದ್ದರಿಂದ ಓದುವಿಕೆಯೂ ಹಿಮ್ಮುಖವಾಯಿತು. ಬಿಲ್ಲೆ ತಿರುಗುವುದು ಒಂದೇ ದಿಕ್ಕಿಗೆ. ಈಗಷ್ಟೇ ದಾಟಿಹೋದ ಹಿಂದಿನ ತುಂಡು ಬೇಕೆಂದರೆ ಹೆಚ್ಚುಕಡಿಮೆ ಒಂದು ಪೂರ್ತಿ ಸುತ್ತು ಕಾಯಬೇಕು. ಮುಂದಿನ ಪುಟಗಳನ್ನು ಮೊದಲೇ ತಂದಿಡುವ ಕಾರ್ಯಾಚರಣ ವ್ಯವಸ್ಥೆಯ ಜಾಣತನವೂ ಹಿಮ್ಮುಖ ಓದಿಗೆ ಅಷ್ಟಾಗಿ ಒದಗದು. ಈ ಪದ್ಧತಿ ವರ್ಷಗಟ್ಟಲೆ ಎಲ್ಲರ ಕಣ್ಣೆದುರಿಗೇ ಇತ್ತು. ಬೆಚ್ಚನೆಯ ಆರಂಭವನ್ನಷ್ಟೇ ನೋಡುತ್ತಿದ್ದವರಿಗೆ ಅದು ಕಾಣಲು ಸಾಧ್ಯವಿರಲಿಲ್ಲ. 2012ರಲ್ಲಿ ಬಂದ ಜಿಸಿಸಿ 4.7ರಿಂದ ಮುಂದಕ್ಕೆ ಓದುವ ಪದ್ಧತಿಯೇ ಲಿನಕ್ಸ್‌ನಲ್ಲಿ ಸಾಮಾನ್ಯವಾಯಿತು. ಅದರ ಲಾಭ ಫೈರ್‌ಫಾಕ್ಸಿಗೆ ಮಾತ್ರವಲ್ಲ, ಆ ಕಂಪೈಲರಿನಿಂದ ತಯಾರಾದ ಎಲ್ಲ ಸಿ++ ತಂತ್ರಾಂಶಗಳಿಗೂ ಸಿಕ್ಕಿತು.

ವಿಂಡೋಸ್‌ಗೆ ಅವರು ಮಾಡಿದ ಉಪಾಯ ಇನ್ನೂ ಸರಳ. 2011ರ ಫೈರ್‌ಫಾಕ್ಸ್ 7ರಲ್ಲಿ, ಕ್ಲಿಕ್ ಮಾಡಿದ ಚಿಕ್ಕ ಕಡತವು ದೊಡ್ಡ ಲೈಬ್ರರಿಯನ್ನು ಮೊದಲಿನಿಂದ ಕೊನೆಯವರೆಗೆ ತಾನೇ ಒಮ್ಮೆ ಓದಿಬಿಡುತ್ತದೆ. ಆಮೇಲೆಯೇ ಅದನ್ನು ಜೋಡಿಸುವಂತೆ ವಿಂಡೋಸನ್ನು ಕೇಳುತ್ತದೆ. ಹೊತ್ತಿಗೆ ಪುಟಗಳೆಲ್ಲ ಸ್ಮೃತಿಯಲ್ಲಿರುವುದರಿಂದ ಜಿಗಿತವಿಲ್ಲ. ನಾವು ಮೇಲೆ ಕಪ್ಪುಹಲಗೆಯ ಮೇಲೆ ಮಾಡಿದ ಲೆಕ್ಕವೇ ಇದು. ನನಗೆ ಇದು ಮೆಚ್ಚುಗೆಯಾದರೂ ಪೂರ್ತಿ ಸಮಾಧಾನವಿಲ್ಲ: ಸ್ಮೃತಿ ಕಡಿಮೆ ಇರುವ ಯಂತ್ರದಲ್ಲಿ ಬೇಡದ ಪುಟಗಳೂ ಬಂದು ಕೂರುತ್ತವೆ. ಆದರೂ ಕ್ವಿಕ್ ಸ್ಟಾರ್ಟರ್‌ಗಿಂತ ಇದು ಪ್ರಾಮಾಣಿಕ. ಬಳಕೆದಾರ ಕೇಳಿದಾಗ ಮಾತ್ರ ಓದುತ್ತದೆ, ಕೇಳದಿದ್ದರೆ ಯಾರ ದಾರಿಗೂ ಅಡ್ಡ ಬರುವುದಿಲ್ಲ.

ಇನ್ನೊಂದು ತೊಡಕು ವಿಳಾಸ ತಿದ್ದುವ ಕೆಲಸ. ಲೈಬ್ರರಿಗೆ ತಾನು ಸ್ಮೃತಿಯ ಯಾವ ಜಾಗದಲ್ಲಿ ಕೂರುತ್ತೇನೆ ಎಂದು ಮೊದಲೇ ಗೊತ್ತಿರುವುದಿಲ್ಲ. ಕೂತ ಮೇಲೆ ತನ್ನೊಳಗಿನ ವಿಳಾಸಗಳನ್ನೆಲ್ಲ ತಿದ್ದಬೇಕು. ತಿದ್ದಬೇಕಾದ ಪುಟಗಳನ್ನೆಲ್ಲ ಡಿಸ್ಕಿನಿಂದ ತರಬೇಕು. ಎಲ್ಲೆಲ್ಲಿ ತಿದ್ದಬೇಕೆಂಬ ಪಟ್ಟಿಯೇ ದೊಡ್ಡದು: 64 ಬಿಟ್‌ನ ಇಂಟೆಲ್ ಮಾದರಿಯ ಲಿನಕ್ಸ್‌ನಲ್ಲಿ ಒಂದೊಂದು ನಮೂದಿಗೆ 24 ಬೈಟ್. ರೆಡ್‌ಹ್ಯಾಟ್‌ನ ಯಾಕುಬ್ ಯೆಲಿನೆಕ್ ಅವರ 'ಪ್ರಿಲಿಂಕ್' ಈ ತಿದ್ದುಪಡಿಯನ್ನು ಮೊದಲೇ ಮಾಡಿ ಡಿಸ್ಕಿನಲ್ಲಿಡುತ್ತಿತ್ತು. ಉಪಾಯ ಚೆನ್ನಾಗಿತ್ತು, ಆದರೆ ಲೈಬ್ರರಿಯ ಜಾಗ ಮೊದಲೇ ಗೊತ್ತಿದ್ದರೆ ದಾಳಿಕೋರರಿಗೂ ಅನುಕೂಲ. ಸುರಕ್ಷತೆಗಾಗಿ ಪ್ರತಿ ಸಲ ಜಾಗ ಬದಲಿಸುವ ಪದ್ಧತಿ ಬಂದ ಮೇಲೆ ಪ್ರಿಲಿಂಕ್ ಹಿಂದೆ ಸರಿಯಿತು. ಮೊಜಿಲ್ಲಾದ ಮೈಕ್ ಹೊಮ್ಮೆ ಬೇರೆ ದಾರಿ ಹಿಡಿದರು: ತಿದ್ದುಪಡಿಯನ್ನು ಬಿಡದೆ, ಅದರ ಪಟ್ಟಿಯನ್ನು ಮಾತ್ರ ಬಹಳ ಚಿಕ್ಕದಾಗಿ ಬರೆಯುವ 'ಎಲ್ಫ್‌ಹ್ಯಾಕ್'. ಇದೇ ಬಗೆಯ ವಿಚಾರ ಮುಂದೆ 'ರೆಲ್‌ಆರ್' ಎಂಬ ಸಾಮಾನ್ಯ ರೂಪ ಪಡೆಯಿತು. 2022ರಲ್ಲಿ ಹೊರಬಂದ ಗ್ಲಿಬ್‌ಸಿ 2.36ರಲ್ಲಿ ರೆಲ್‌ಆರ್‌ಗೆ ಬೆಂಬಲ ಬಂದಿತು. ಅದೇ ಆವೃತ್ತಿಯಿಂದ ಪ್ರಿಲಿಂಕ್ ಬೆಂಬಲ ಹೊರಗೆ ಹೋಯಿತು.

ಜಾವಾದಲ್ಲೂ ಇಂಥ ಜೋಡಿ ಇದೆ. ಶಾಲೆಗಳಲ್ಲಿ ಬಳಕೆಯಲ್ಲಿದ್ದ ಜಿಯೋಜೀಬ್ರದ ಹಳೆಯ ಆವೃತ್ತಿಗಳು ಜಾವಾದಲ್ಲಿ ಬರೆದವು. 2004ರ ಜಾವಾ 5.0ರಲ್ಲಿ, ಮೂಲ ಭಾಗಗಳನ್ನು ಒಮ್ಮೆ ಸಿದ್ಧಪಡಿಸಿ ಒಂದೇ ಕಡತದಲ್ಲಿಟ್ಟು ನೇರವಾಗಿ ಸ್ಮೃತಿಗೆ ಜೋಡಿಸುವ ಸೌಲಭ್ಯ ಬಂದಿತ್ತು. ನಾಲ್ಕು ವರ್ಷಗಳ ಬಳಿಕ ಬಂದ ಜಾವಾ ಕ್ವಿಕ್ ಸ್ಟಾರ್ಟರ್‌ಗಿಂತ ಆ ಹಳೆಯ ಸೌಲಭ್ಯವೇ ಉತ್ತಮ ಚಿಂತನೆ ಎಂದು ನನಗನಿಸುತ್ತದೆ.

ಕನ್ನಡಕ್ಕೆ ತೆತ್ತ ಹೆಚ್ಚಿನ ಹೊತ್ತು

2010ರ ದಶಕದಲ್ಲಿ ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳ ಮೂಲಕ ನಮ್ಮ ಪ್ರೌಢಶಾಲಾ ಶಿಕ್ಷಕರಲ್ಲಿ ಅನೇಕರಿಗೆ ಉಬುಂಟು ಪರಿಚಯವಾಯಿತು. ಕಂಪ್ಯೂಟರನ್ನು ಕನ್ನಡದಲ್ಲೇ ಬಳಸುವ ಆಸೆಯೂ ಮೂಡಿತು. ಆದರೆ ಕನ್ನಡದ ಒತ್ತಕ್ಷರ, ಗುಣಿತಾಕ್ಷರಗಳನ್ನು ಜೋಡಿಸುವುದು ಇಂಗ್ಲಿಷಿನ ಅಕ್ಷರಗಳನ್ನು ಸಾಲಾಗಿ ಇಟ್ಟಷ್ಟು ಸುಲಭವಲ್ಲ. ಗ್ನೋಮ್ ಪರಿಸರದ 'ಪ್ಯಾಂಗೊ' ಎಂಬ ಅಕ್ಷರ ಜೋಡಣೆಯ ವ್ಯವಸ್ಥೆ ಭಾರತೀಯ ಲಿಪಿಗಳಿಗಾಗಿ ಪ್ರತ್ಯೇಕ ಲೈಬ್ರರಿಯೊಂದನ್ನು ಇಟ್ಟುಕೊಂಡಿತ್ತು. ಪರದೆಯ ಮೇಲೆ ಕನ್ನಡದ ಒಂದು ಪದ ಬಂದರೂ ಅದನ್ನು ಡಿಸ್ಕಿನಿಂದ ತರಬೇಕು, ಜೊತೆಗೆ ಕನ್ನಡದ ಫಾಂಟ್ ಹುಡುಕಬೇಕು. ಇಂಗ್ಲಿಷಿನಲ್ಲಿ ಬಳಸುವವರಿಗೆ ಈ ಹೊರೆಯಿಲ್ಲ. ವಿಂಡೋಸ್ ಎಕ್ಸ್‌ಪಿಯಲ್ಲಂತೂ ಭಾರತೀಯ ಲಿಪಿಗಳ ಬೆಂಬಲವನ್ನು ಬಳಕೆದಾರನೇ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಬೇರೆಯಾಗಿ ಅಳವಡಿಸಿಕೊಳ್ಳಬೇಕಿತ್ತು.

ಒಂದು ಲೈಬ್ರರಿಯಿಂದ ಆಗುವ ತಡ ದೊಡ್ಡದೇನಲ್ಲ ನಿಜ. ಆದರೆ 'ಕನ್ನಡ ಹಾಕಿದರೆ ಕಂಪ್ಯೂಟರ್ ನಿಧಾನ' ಎಂದು ಶಿಕ್ಷಕರು ಹೇಳಿದಾಗ ಅದನ್ನು ಬರಿಯ ಭ್ರಮೆ ಎಂದು ತಳ್ಳಿಹಾಕುವಂತಿಲ್ಲ. ಇಲ್ಲೂ ದುರಸ್ತಿ ಬಂದದ್ದು ಜೋಡಣೆಯಿಂದಲೇ. 2006ರ ಫಾಂಟ್‌ಕಾನ್ಫಿಗ್ 2.4ರಲ್ಲಿ, ಫಾಂಟುಗಳ ವಿವರವನ್ನು ಹಾಗೆಯೇ ಸ್ಮೃತಿಗೆ ಜೋಡಿಸಬಹುದಾದ ರೂಪದಲ್ಲಿ ಮೊದಲೇ ಬರೆದಿಡುವ ಏರ್ಪಾಡಾಯಿತು. 2012ರಲ್ಲಿ ಪ್ಯಾಂಗೊ ಎಲ್ಲ ಲಿಪಿಗಳಿಗೂ 'ಹಾರ್ಫ್‌ಬಜ್' ಎಂಬ ಒಂದೇ ಲೈಬ್ರರಿಯನ್ನು ಬಳಸತೊಡಗಿತು. ಇಂಗ್ಲಿಷಿಗೂ ಕನ್ನಡಕ್ಕೂ ಒಂದೇ ಲೈಬ್ರರಿ. ಯಾರಿಗೂ ಹೆಚ್ಚಿನ ಪ್ರಯಾಣವಿಲ್ಲ. ಆ ಹಾರ್ಫ್‌ಬಜ್ ಬರೆದು ಬೆಳೆಸಿದವರೇ, ಮೇಲೆ ಹೇಳಿದ ಪ್ರಿಲೋಡ್‌ನ ಎಸ್ಫಹಬೋದ್. ಊಹಿಸಿ ಓದುವ ಅವರ ಮೊದಲ ಉಪಾಯಕ್ಕಿಂತ ಈ ಎರಡನೆಯದು ಸಂಸೆಯ ಶಾಲೆಗೆ ಹೆಚ್ಚು ಉಪಕಾರಿ.

ಡಿಸ್ಕು ಬದಲಾದ ಮೇಲೆ

ಈಗ ಎಸ್‌ಎಸ್‌ಡಿ ಬಂದಿದೆ, ತಿರುಗುವ ಬಿಲ್ಲೆಯೇ ಇಲ್ಲ, ಇದೆಲ್ಲ ಹಳೆಯ ಕಥೆ ಎಂದು ಕೆಲವರು ಹೇಳಬಹುದು. ಅರ್ಧ ಸರಿ. ಎಸ್‌ಎಸ್‌ಡಿಯಲ್ಲಿ ಒಂದು ಜಿಗಿತಕ್ಕೆ 13 ಮಿಲಿಸೆಕೆಂಡಿನ ಬದಲು ಸುಮಾರು 0.1 ಮಿಲಿಸೆಕೆಂಡ್ ಸಾಕು. ಮೇಲಿನ ನಾಲ್ಕು ಸೆಕೆಂಡಿನ ಲೆಕ್ಕ ಸೆಕೆಂಡಿನ ಒಂದು ಚಿಕ್ಕ ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಹಳೆಯ ಕಂಪ್ಯೂಟರಿಗೆ ಸ್ವಲ್ಪವೇ ಹಣ ಖರ್ಚುಮಾಡಲು ಸಾಧ್ಯವಿದ್ದರೆ ಅದನ್ನು ಮೊದಲು ಚಿಕ್ಕದೊಂದು ಎಸ್‌ಎಸ್‌ಡಿಗೆ ಹಾಕುವುದು ಮೇಲು. ಆದರೆ ವಿಳಾಸ ತಿದ್ದುವ ಕೆಲಸ ಎಸ್‌ಎಸ್‌ಡಿಯಿಂದ ಮಾಯವಾಗುವುದಿಲ್ಲ, ಅದನ್ನು ಮಾಡುವುದು ಸಂಸ್ಕಾರಕ. ಜೊತೆಗೆ, ತಯಾರಕರ ಮೇಜಿನ ಮೇಲೆ ಎಸ್‌ಎಸ್‌ಡಿ ಬಂದದ್ದರಿಂದ ಅವರಿಗೆ ತಣ್ಣನೆಯ ಆರಂಭವೂ ಈಗ ಬೇಗನೆ ಕಾಣುತ್ತದೆ. ಹಳೆಯ ಡಿಸ್ಕಿನ ಮೇಲೆ ಒಮ್ಮೆಯೂ ತೆರೆದು ನೋಡದ ತಂತ್ರಾಂಶಗಳು ನಮ್ಮ ಶಾಲೆಗಳ ಹಳೆಯ ಡಿಸ್ಕುಗಳಿಗೆ ಬರುತ್ತಿವೆ.

ಶಿಕ್ಷಕ ಮಿತ್ರರು ಮಕ್ಕಳೊಡನೆ ಒಂದು ಅಳತೆ ಮಾಡಬಹುದು. ಬೇಕಾದದ್ದು ಸೆಕೆಂಡು ತೋರಿಸುವ ಗಡಿಯಾರ ಮಾತ್ರ. ಕಂಪ್ಯೂಟರನ್ನು ಪೂರ್ತಿ ಆರಿಸಿ ಚಾಲೂ ಮಾಡಿ. ಡಿಸ್ಕಿನ ದೀಪ ಮಿನುಗುವುದು ನಿಲ್ಲುವವರೆಗೆ ಕಾಯಿರಿ. ಇಲ್ಲದಿದ್ದರೆ ಬೇರೆ ತಂತ್ರಾಂಶಗಳ ಓದು ಲೆಕ್ಕದೊಳಗೆ ಸೇರುತ್ತದೆ. ಒಂದು ತಂತ್ರಾಂಶ ತೆರೆದು, ಕ್ಲಿಕ್ ಮಾಡಿದಲ್ಲಿಂದ ಬಳಸಲು ಸಿದ್ಧವಾಗುವವರೆಗಿನ ಸೆಕೆಂಡುಗಳನ್ನು ಬರೆದುಕೊಳ್ಳಿ. ಮುಚ್ಚಿ, ಕೂಡಲೇ ಮತ್ತೆ ತೆರೆದು ಬರೆದುಕೊಳ್ಳಿ. ಬೇರೆ ಬೇರೆ ದಿನ ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಎರಡೂ ಅಂಕಿಗಳು ಹತ್ತಿರ ಹತ್ತಿರವಿದ್ದು ಎರಡೂ ದೊಡ್ಡವಾಗಿದ್ದರೆ ತೊಂದರೆ ಸಂಸ್ಕಾರಕದ್ದೋ ಸ್ಮೃತಿಯ ಕೊರತೆಯದ್ದೋ ಆಗಿರುತ್ತದೆ. ಅಲ್ಲಿ 'ಹಳೇ ಮಿಷನ್ನು' ಎಂಬ ಮಾತು ಸರಿ. ಮೊದಲನೆಯದು ದೊಡ್ಡದು, ಎರಡನೆಯದು ಚಿಕ್ಕದು ಆಗಿದ್ದರೆ ಡಿಸ್ಕಿನ ಓದು ಕಾರಣ. ಆಗ ಲಾಗಿನ್ ಆಗುವಾಗ ತಾವಾಗಿ ಏಳುವ ಕ್ವಿಕ್ ಸ್ಟಾರ್ಟರ್‌ಗಳನ್ನು ತೆಗೆದುಹಾಕಿ, ಪ್ರಿಫೆಚ್ ಫೋಲ್ಡರನ್ನು ಮುಟ್ಟದೆ ಬಿಟ್ಟು, ಮತ್ತೆ ಅಳೆಯಿರಿ. ಸಂಸೆಯ ಆ ಮೇಷ್ಟ್ರಿಗೆ ಹೇಳಿಬಂದದ್ದೂ ಇದನ್ನೇ. ಜೊತೆಗೆ ಇನ್ನೊಂದು ಮಾತು ಹೇಳಿದ್ದೆ, ಪ್ರಾರ್ಥನೆಯ ಗಂಟೆ ಹೊಡೆಯುವ ಮೊದಲು ಒಬ್ಬ ಹುಡುಗನನ್ನು ಕಳಿಸಿ ಎಲ್ಲ ಕಂಪ್ಯೂಟರುಗಳಲ್ಲೂ ಜಿಯೋಜೀಬ್ರವನ್ನು ಒಮ್ಮೆ ತೆರೆದು ಮುಚ್ಚಿಸಿ ಎಂದು. "ಕರೆಂಟಿದ್ದರೆ ಸಾರ್" ಎಂದಿದ್ದರು ಅವರು.